ಡಿಎನ್‌ಎ ಮ್ಯಾಚ್ ಪಟ್ಟಿಯನ್ನು ಜೋಡಿಸಿಕೊಳ್ಳುವುದು ಹೇಗೆ: ಒಳಸಂಬಂಧಗಳಿರುವ ನಮ್ಮ ಕುಟುಂಬಗಳಿಗೆ ಸಮಗ್ರ ಮಾರ್ಗದರ್ಶಿ

ಅನ್ಸೆಸ್ಟ್ರಿಯಲ್ಲಿ ಮಾಡಿಸಿ, ಮೈಹೆರಿಟೇಜ್‌ನಲ್ಲಿ ಮಾಡಿಸಿ, ಡಿಎನ್‌ಎ ಪರೀಕ್ಷೆಯ ಕೊನೆಗೆ ಕೈಗೆ ಸಿಗುವುದು ಒಂದು ಉದ್ದನೆಯ ಪಟ್ಟಿ. ನಿಮ್ಮ ಜೊತೆ ಸ್ವಲ್ಪವಾದರೂ ಡಿಎನ್‌ಎ ಹಂಚಿಕೊಂಡವರ (ಇವರೇ ನಿಮ್ಮ 'ಮ್ಯಾಚ್'ಗಳು) ಹೆಸರು, ಪಕ್ಕದಲ್ಲಿ ಒಂದು ಸಂಖ್ಯೆ, ಅದರ ಪಕ್ಕದಲ್ಲಿ 'ಸೆಕೆಂಡ್ ಕಸಿನ್ ಇರಬಹುದು' ಅನ್ನುವಂಥ ಒಂದು ಊಹೆ. ದಕ್ಷಿಣ ಭಾರತ ಇಷ್ಟು ಪರ್ಸೆಂಟ್ ಅಂತ ತೋರಿಸುವ ನಕ್ಷೆ ನೋಡೋಕೆ ಚೆನ್ನಾಗಿರುತ್ತದೆ, ಆದರೆ ವಂಶ ಹುಡುಕುವ ಕೆಲಸಕ್ಕೆ ಬರುವುದು ಈ ಪಟ್ಟಿಯೇ. ಬಹಳ ಜನ ಅದನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ, ಗೊತ್ತಿರುವ ಹೆಸರು ಸಿಗದೆ ಮುಚ್ಚಿಬಿಡುತ್ತಾರೆ. ಅಷ್ಟು ದುಡ್ಡು ಕೊಟ್ಟು ಮಾಡಿಸಿದ್ದು ಅಲ್ಲಿಗೇ ನಿಲ್ಲಬಾರದು ಅಲ್ವಾ.

ಇಂಗ್ಲಿಷಿನಲ್ಲಿ ಇದಕ್ಕೆ ಒಳ್ಳೊಳ್ಳೆ ವಿಧಾನಗಳಿವೆ. ಆದರೆ ಅವು ಹುಟ್ಟಿದ್ದು ಯುರೋಪ್ ಮೂಲದ ಅಮೆರಿಕನ್ ಕುಟುಂಬಗಳ ಲೆಕ್ಕದಲ್ಲಿ. ಅಲ್ಲಿ ತಲೆಮಾರುಗಳಿಂದ ಒಂದೇ ಸರ್‌ನೇಮ್ ಬರುತ್ತದೆ, ಅಜ್ಜ ಒಂದು ಮನೆತನ, ಅಜ್ಜಿ ಬೇರೆಯೇ ಮನೆತನ. ನಮ್ಮಲ್ಲಿ ಸೋದರಮಾವನ ಮಗಳನ್ನು ಮದುವೆಯಾದವರಿದ್ದಾರೆ, ಅಕ್ಕನ ಮಗಳನ್ನು ಮದುವೆಯಾದವರಿದ್ದಾರೆ, ಒಂದೇ ಎರಡು ಮನೆಗಳು ಮೂರು ತಲೆಮಾರು ಕೊಟ್ಟು-ತಂದು ಮಾಡಿಕೊಂಡ ಸಂಬಂಧಗಳಿವೆ. ಇಂಥ ಕಡೆ ಸೈಟ್ ಕೊಡುವ ಸಂಖ್ಯೆಯನ್ನು ಹಾಗೇ ನಂಬಿದರೆ ದಾರಿ ತಪ್ಪುವುದು ಖಂಡಿತ. ಹಾಗಾಗಿ ಅಲ್ಲಿನ ವಿಧಾನಗಳನ್ನೇ ತೆಗೆದುಕೊಂಡು, ನಮಗೆ ಬೇಕಾದ ಕಡೆ ಬದಲಾಯಿಸಿಕೊಳ್ಳೋಣ.

ಪ್ರಶ್ನೆ ಒಂದೇ ಇರಲಿ

'ನಮ್ಮ ವಂಶವೆಲ್ಲ ಗೊತ್ತಾಗಬೇಕು' ಅಂತ ಕೂತರೆ ಯಾವ ಮ್ಯಾಚ್ ಮುಖ್ಯ, ಯಾವುದು ಅಲ್ಲ ಅಂತ ತಿಳಿಯುವುದೇ ಇಲ್ಲ. ಒಂದು ಸಾಲಿನ ಪ್ರಶ್ನೆ ಬರೆದುಕೊಳ್ಳಿ. 'ಅಪ್ಪನ ಅಮ್ಮನ ತವರು ಯಾವ ಊರು?' 'ಮುತ್ತಜ್ಜ ಘಟ್ಟ ಹತ್ತಿ ಬಂದ ಮೇಲೆ ಊರಿನಲ್ಲೇ ಉಳಿದ ಅಣ್ಣತಮ್ಮಂದಿರ ಮಕ್ಕಳು ಎಲ್ಲಿದ್ದಾರೆ?' ಈ ಥರ. ನಮ್ಮ ಮನೆಗಳಲ್ಲಿ ದಾರ ತುಂಡಾಗುವುದು ಹೆಚ್ಚಾಗಿ ಹೆಣ್ಣುಮಕ್ಕಳ ಕಡೆಯೇ. ಮದುವೆಯಾದ ಮೇಲೆ ಅಜ್ಜಿಯ ಹೆಸರೇ ಬದಲಾಗಿರುತ್ತದೆ, ತವರಿನ ಊರು ಯಾರಿಗೂ ನೆನಪಿರುವುದಿಲ್ಲ. ಡಿಎನ್‌ಎ ನಿಜವಾಗಿ ಸಹಾಯ ಮಾಡುವುದೂ ಅಲ್ಲೇ, ಏಕೆಂದರೆ ಕಾಗದದಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗಿದ್ದರೂ ರಕ್ತದಲ್ಲಿ ಬಿಟ್ಟುಹೋಗಿರುವುದಿಲ್ಲ.

ಪ್ರಶ್ನೆ ಬರೆದ ಮೇಲೆ, ಗೊತ್ತಿರುವಷ್ಟು ವಂಶವೃಕ್ಷವನ್ನು ಕಾಗದದ ಮೇಲೆ ಹಾಕಿ. ಮುತ್ತಜ್ಜ-ಮುತ್ತಜ್ಜಿಯರು ಎಂಟು ಜನ. ಎಂಟೂ ಹೆಸರು ಬರೆಯಲು ಬರುತ್ತದಾ ನೋಡಿ. ಬರದಿದ್ದರೆ ಮನೆಯ ಕಾಗದಪತ್ರದ ಫೈಲ್ ತೆಗೆಸಿ. ಜಮೀನಿನ ಪೌತಿ ಖಾತೆ ಮಾಡಿಸುವಾಗ ಕೊಟ್ಟ ವಂಶವೃಕ್ಷದ ಪ್ರತಿ ಬಹಳ ಮನೆಗಳಲ್ಲಿ ಇರುತ್ತದೆ. ಹಳೆಯದಾದರೆ ಅದರಲ್ಲಿ ಗಂಡುಮಕ್ಕಳನ್ನು ಮಾತ್ರ ಬರೆದಿರಬಹುದು, ಅದನ್ನು ನೆನಪಿಟ್ಟುಕೊಂಡು ಓದಿ. ಉತ್ತರ ಕರ್ನಾಟಕದ ಕಡೆಯವರಾದರೆ ನಿಮ್ಮ ಮನೆಗೆ ಹೆಳವರು ಬರುತ್ತಿದ್ದರಾ ಅಂತ ಹಿರಿಯರನ್ನು ಕೇಳಿ. ಎತ್ತಿನ ಮೇಲೆ ಊರೂರು ಸುತ್ತಿ, ಒಂದೊಂದು ಮನೆತನದ ವಂಶಾವಳಿಯನ್ನು ತಲೆಮಾರುಗಳಿಂದ ಬರೆದಿಟ್ಟು ಓದಿ ಹೇಳುವವರು ಅವರು. ಅವರ ಪುಸ್ತಕದಲ್ಲಿ ಸಿಗುವುದು ಬೇರೆಲ್ಲೂ ಸಿಗುವುದಿಲ್ಲ.

ಮುಖ್ಯವಾಗಿ, ಈ ಮರದಲ್ಲಿ ಎಲ್ಲೆಲ್ಲಿ ಒಳಸಂಬಂಧದ ಮದುವೆ ಆಗಿದೆ ಅನ್ನುವುದನ್ನು ಕೆಂಪು ಪೆನ್ನಿನಲ್ಲಿ ಗುರುತು ಮಾಡಿ. ಮುಂದೆ ಎಲ್ಲಾ ಲೆಕ್ಕವೂ ಈ ಕೆಂಪು ಗುರುತಿನ ಮೇಲೆ ನಿಂತಿದೆ.

ಯಾರ ಪರೀಕ್ಷೆ ಮಾಡಿಸಬೇಕು

ಮನೆಯಲ್ಲಿ ಬದುಕಿರುವ ಅತಿ ಹಿರಿಯರದ್ದು. ನಿಮಗಿಂತ ನಿಮ್ಮ ಅಪ್ಪನಲ್ಲಿ, ಅಪ್ಪನಿಗಿಂತ ಅಜ್ಜಿಯಲ್ಲಿ ಹಳೆಯ ಡಿಎನ್‌ಎ ಜಾಸ್ತಿ ಉಳಿದಿರುತ್ತದೆ, ಪ್ರತಿ ತಲೆಮಾರಿಗೆ ಅರ್ಧ ಕಳೆದುಹೋಗುತ್ತದೆ. ಅಜ್ಜಿ ಇಲ್ಲದಿದ್ದರೆ ಅಜ್ಜಿಯ ತಂಗಿ, ತಮ್ಮ. ಅವರೂ ಇಲ್ಲದಿದ್ದರೆ ಅವರ ಮಕ್ಕಳು.

ಅನ್ಸೆಸ್ಟ್ರಿ ಮತ್ತು 23ಆ್ಯಂಡ್‌ಮಿಗೆ ಟ್ಯೂಬಿನಲ್ಲಿ ಎಂಜಲು ತುಂಬಿಸಬೇಕು. ವಯಸ್ಸಾದವರಿಗೆ ಬಾಯಿ ಒಣಗಿ ಅದು ಕಷ್ಟವಾಗುತ್ತದೆ. ಮೈಹೆರಿಟೇಜ್ ಮತ್ತು ಫ್ಯಾಮಿಲಿಟ್ರೀಡಿಎನ್‌ಎಯದ್ದು ಕೆನ್ನೆಯ ಒಳಗೆ ಕಡ್ಡಿ ಉಜ್ಜುವುದು, ಅದು ಸುಲಭ. ಏನೇ ಮಾಡಿಸಿದರೂ ಹಿರಿಯರಿಗೆ ಕೂತು ಬಿಡಿಸಿ ಹೇಳಿ: ಇದರಿಂದ ಯಾರು ಯಾರ ಮಗ ಅನ್ನುವುದು ಹೊರಗೆ ಬರಬಹುದು, ನಿಮ್ಮ ಮಾಹಿತಿ ಬೇರೆ ದೇಶದ ಕಂಪನಿಯ ಕೈಯಲ್ಲಿರುತ್ತದೆ ಅಂತ. ಬೇಡ ಅಂದರೆ ಒತ್ತಾಯ ಮಾಡಬೇಡಿ.

ನಮ್ಮವರ ಮಟ್ಟಿಗೆ ಇನ್ನೊಂದು ತೊಂದರೆ ಇದೆ. ಈ ಸೈಟುಗಳಲ್ಲಿರುವ ಭಾರತೀಯರಲ್ಲಿ ಹೆಚ್ಚಿನವರು ಅಮೆರಿಕ, ಕೆನಡಾ, ಇಂಗ್ಲೆಂಡ್‌ಗಳಲ್ಲಿ ನೆಲೆಸಿದವರು. ಊರಿನಲ್ಲಿರುವ ಬಂಧುಗಳು ಅಲ್ಲಿ ಇರುವುದಿಲ್ಲ. ಹಾಗಾಗಿ ಹತ್ತಿರದ ಮ್ಯಾಚ್ ಒಂದೂ ಇಲ್ಲದೆ, ದೂರದ ಸಣ್ಣ ಸಣ್ಣ ಮ್ಯಾಚ್‌ಗಳಷ್ಟೇ ಸಿಗುವುದು ಮಾಮೂಲು. ಇದಕ್ಕೆ ಉಪಾಯ, ಬಾಂದುಕಲ್ಲು ನೆಟ್ಟ ಹಾಗೆ ಗೊತ್ತಿರುವ ಬಂಧುಗಳನ್ನು ನೀವೇ ಪಟ್ಟಿಯೊಳಗೆ ತರುವುದು. ಅಪ್ಪನ ಅಪ್ಪನ ಕಡೆಯಿಂದ ಒಬ್ಬರು, ಅಪ್ಪನ ಅಮ್ಮನ ಕಡೆಯಿಂದ ಒಬ್ಬರು, ಅಮ್ಮನ ಕಡೆಯಿಂದಲೂ ಹಾಗೇ ಇಬ್ಬರು. ಒಟ್ಟು ನಾಲ್ಕು ಕಿಟ್, ಅಂದರೆ ಒಬ್ಬೊಬ್ಬರ ಪರೀಕ್ಷೆಗೆ ಒಂದು. ಖರ್ಚು ಹೌದು, ನಾಲ್ಕಾರು ಜನ ಹಂಚಿಕೊಂಡು ಮಾಡಿಸಿ. ಬೇರೆ ಸಬ್‌ಸ್ಕ್ರಿಪ್ಶನ್‌ಗಳಿಗೆ ಹಾಕುವ ದುಡ್ಡನ್ನು ಇದಕ್ಕೆ ಹಾಕಿದರೆ ಹೆಚ್ಚು ಫಲ.

ಒಂದು ಸೈಟಿನಲ್ಲಿ ಮಾಡಿಸಿದ ಮೇಲೆ ಕಚ್ಚಾ ಡೇಟಾ ಫೈಲ್ ಡೌನ್‌ಲೋಡ್ ಮಾಡಿ ಜೆಡ್‌ಮ್ಯಾಚ್ (ಬೇರೆ ಬೇರೆ ಕಂಪನಿಗಳ ಫೈಲ್ ಹೋಲಿಸುವ ಸೈಟ್) ಮತ್ತು ಫ್ಯಾಮಿಲಿಟ್ರೀಡಿಎನ್‌ಎಗೆ ಏರಿಸಬಹುದು. ಅನ್ಸೆಸ್ಟ್ರಿ ಹೊರಗಿನ ಫೈಲ್ ತೆಗೆದುಕೊಳ್ಳುವುದಿಲ್ಲ. ಜೆಡ್‌ಮ್ಯಾಚ್‌ಗೆ ಏರಿಸುವಾಗ ಒಂದು ಆಯ್ಕೆ ಬರುತ್ತದೆ, ಅಪರಾಧ ತನಿಖೆಗೆ ಪೊಲೀಸರು ನಿಮ್ಮ ಕಿಟ್ ಹೋಲಿಸಬಹುದೇ ಅಂತ. 2018ರಲ್ಲಿ ಕ್ಯಾಲಿಫೋರ್ನಿಯಾದ ಸರಣಿ ಹಂತಕನೊಬ್ಬ ಸಿಕ್ಕಿಬಿದ್ದದ್ದು ಇದೇ ಸೈಟಿನ ಮೂಲಕ. ಓದಿ ನೋಡಿ ನಿಮಗೆ ಸರಿ ಅನ್ನಿಸಿದ್ದನ್ನು ಆರಿಸಿ.

ಸಂಖ್ಯೆ ಏನು ಹೇಳುತ್ತದೆ

ಹಂಚಿಕೊಂಡ ಡಿಎನ್‌ಎಯ ಅಳತೆ ಸೆಂಟಿಮಾರ್ಗನ್. ಬ್ಲೇನ್ ಬೆಟಿಂಜರ್ ಅನ್ನುವ ಅಮೆರಿಕದ ಸಂಶೋಧಕರು ಸಾವಿರಾರು ಜನರಿಂದ ಗೊತ್ತಿರುವ ಸಂಬಂಧಗಳ ಅಂಕಿ ಸೇರಿಸಿ ಒಂದು ಕೋಷ್ಟಕ ಮಾಡಿದ್ದಾರೆ. 2020ರ ಆವೃತ್ತಿಯ ಪ್ರಕಾರ ಸರಾಸರಿಗಳು ಹೀಗಿವೆ: ತಂದೆ-ಮಗ 3485, ಒಡಹುಟ್ಟಿದವರು 2613, ಅಜ್ಜಿ-ಮೊಮ್ಮಗ ಅಥವಾ ಸೋದರಮಾವ-ಅಳಿಯ ಸುಮಾರು 1750, ಫಸ್ಟ್ ಕಸಿನ್ 866, ಸೆಕೆಂಡ್ ಕಸಿನ್ 229, ಥರ್ಡ್ ಕಸಿನ್ 73. ಇಬ್ಬರಿಗೂ ಅಜ್ಜ-ಅಜ್ಜಿ ಒಬ್ಬರೇ ಆದರೆ ಫಸ್ಟ್ ಕಸಿನ್, ಮುತ್ತಜ್ಜ-ಮುತ್ತಜ್ಜಿ ಒಬ್ಬರೇ ಆದರೆ ಸೆಕೆಂಡ್ ಕಸಿನ್, ಹೀಗೆ. 'ಒನ್ಸ್ ರಿಮೂವ್ಡ್' ಅಂತ ಬಂದರೆ ಇಬ್ಬರ ನಡುವೆ ಒಂದು ತಲೆಮಾರಿನ ಹೆಚ್ಚುಕಡಿಮೆ ಇದೆ ಅಂತ.

ಸರಾಸರಿಗಿಂತ ವ್ಯಾಪ್ತಿ ಮುಖ್ಯ. ಫಸ್ಟ್ ಕಸಿನ್ 396ರಿಂದ 1397ರವರೆಗೆ ಎಲ್ಲಿ ಬೇಕಾದರೂ ಬರಬಹುದು. ಸೆಕೆಂಡ್ ಕಸಿನ್ 41ರಿಂದ 592. ಥರ್ಡ್ ಕಸಿನ್‌ಗಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ನಿಮಗೆ ಮ್ಯಾಚ್ ಆಗುವುದೇ ಇಲ್ಲ. ಆದ್ದರಿಂದ ಪಟ್ಟಿಯಲ್ಲಿ ಇಲ್ಲ ಅಂದ ಮಾತ್ರಕ್ಕೆ ಸಂಬಂಧಿಕರಲ್ಲ ಅಂತಲ್ಲ. ಈ ಕೋಷ್ಟಕ ಡಿಎನ್‌ಎ ಪೇಂಟರ್ ಅನ್ನುವ ಸೈಟಿನಲ್ಲಿ ಉಚಿತವಾಗಿ ಸಿಗುತ್ತದೆ, ಸಂಖ್ಯೆ ಹಾಕಿದರೆ ಯಾವ್ಯಾವ ಸಂಬಂಧ ಆಗಬಹುದು ಅಂತ ತೋರಿಸುತ್ತದೆ.

ಶೀಟ್ ಮಾಡುವುದು

ಸೈಟಿನ ಒಳಗಿನ ಟಿಪ್ಪಣಿ, ಬಣ್ಣದ ಚುಕ್ಕಿಗಳನ್ನು ಬಳಸಿ, ಆದರೆ ಅದನ್ನೇ ನಂಬಿಕೊಂಡು ಕೂರಬೇಡಿ. ಮ್ಯಾಚ್ ಆದವರು ಒಂದು ದಿನ ತಮ್ಮ ಖಾತೆ ಅಳಿಸಿದರೆ ನಿಮ್ಮ ಟಿಪ್ಪಣಿಯೂ ಹೋಗುತ್ತದೆ. ಒಂದು ಸ್ಪ್ರೆಡ್‌ಶೀಟ್ ಬೇಕೇ ಬೇಕು.

ಮಾಮೂಲಿ ಕಾಲಂಗಳು: ಸೈಟಿನಲ್ಲಿ ಕಾಣುವ ಹೆಸರು ಇದ್ದ ಹಾಗೇ, ಯಾವ ಸೈಟ್, ಯಾರ ಕಿಟ್‌ಗೆ ಮ್ಯಾಚ್, ಒಟ್ಟು ಸೆಂಟಿಮಾರ್ಗನ್, ಎಷ್ಟು ತುಣುಕು (ಇಬ್ಬರಲ್ಲೂ ಒಂದೇ ಆಗಿರುವ ಡಿಎನ್‌ಎ ಭಾಗ, ಸೈಟಿನಲ್ಲಿ 'ಸೆಗ್ಮೆಂಟ್'), ಅತಿ ಉದ್ದದ ತುಣುಕು ಎಷ್ಟು, ತಾಯಿ ಕಡೆಯೋ ತಂದೆ ಕಡೆಯೋ ಎರಡೂ ಕಡೆಯೋ, ಬಣ್ಣ, ಮೆಸೇಜ್ ಕಳಿಸಿದ ದಿನ, ಉತ್ತರ.

ಇದರ ಮೇಲೆ ನಮಗೆ ಬೇಕಾದ ಕಾಲಂಗಳು ಬೇರೆ ಇವೆ. ಸರ್‌ನೇಮ್ ಕಾಲಂ ನಮಗೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಇನಿಷಿಯಲ್‌ನಲ್ಲಿ ಇರುವ 'ಕೆ' ಕೋಲಾರವೂ ಆಗಿರಬಹುದು, ಅಜ್ಜ ಕೃಷ್ಣಪ್ಪನೂ ಆಗಿರಬಹುದು. ವಿದೇಶಕ್ಕೆ ಹೋಗುವಾಗ ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೇ ಕೊನೆಯ ಹೆಸರಾಗಿ ಕೂತುಬಿಡುತ್ತದೆ, ಆಮೇಲೆ ಅಲ್ಲಿ ಹುಟ್ಟಿದ ಮಕ್ಕಳಿಗೆ ಅದೇ ಮನೆತನದ ಹೆಸರಾಗುತ್ತದೆ, ಹಾಗಾಗಿ ಒಡಹುಟ್ಟಿದ ಇಬ್ಬರ ಮೊಮ್ಮಕ್ಕಳು ಪಟ್ಟಿಯಲ್ಲಿ ಎರಡು ಬೇರೆ ಬೇರೆ ಕೊನೆಯ ಹೆಸರಿನಲ್ಲಿ ಕಾಣಿಸಿದರೆ ಆಶ್ಚರ್ಯವಿಲ್ಲ. ಆದ್ದರಿಂದ ಈ ಮೂರು ಕಾಲಂ ಸೇರಿಸಿ: ಮೂಲ ಊರು, ಮನೆದೇವರು, ಮತ್ತು ಗೋತ್ರ ಅಥವಾ ಬೆಡಗು ಅಥವಾ ಬಳಿ. ಕೊಡವರಾದರೆ ಒಕ್ಕದ (ಮನೆತನದ) ಹೆಸರು, ಅದು ಎಲ್ಲಕ್ಕಿಂತ ಗಟ್ಟಿ ಸುಳಿವು. ಜೊತೆಗೆ ಪ್ರತಿ ಹೆಂಗಸಿನ ತವರೂರು.

ಮನೆದೇವರ ಕಾಲಂ ಅನ್ನು ಯೋಚಿಸಿ ಓದಬೇಕು. ಇಬ್ಬರಿಗೂ ತಿರುಪತಿ ತಿಮ್ಮಪ್ಪ ಮನೆದೇವರು ಅಂದರೆ ಅದರಿಂದ ಏನೂ ತಿಳಿಯುವುದಿಲ್ಲ, ಅರ್ಧ ಕರ್ನಾಟಕಕ್ಕೆ ಅವನೇ ಮನೆದೇವರು. ಸವದತ್ತಿ ಎಲ್ಲಮ್ಮ, ಮೈಲಾರಲಿಂಗನೂ ಹಾಗೇ. ಆದರೆ ಒಂದು ಸಣ್ಣ ಹಳ್ಳಿಯ ಗುಡಿಯ ಅಮ್ಮನ ಹೆಸರು ಇಬ್ಬರ ಬಾಯಲ್ಲೂ ಬಂತು ಅಂದರೆ ತಕ್ಷಣ ಆ ಸಾಲಿಗೆ ಗುರುತು ಹಾಕಿ.

ಗೋತ್ರ ತಂದೆಯಿಂದ ಬರುತ್ತದೆ. ತುಳುನಾಡಿನ ಅಳಿಯಸಂತಾನದ ಕುಟುಂಬಗಳಲ್ಲಿ ಬಳಿ ತಾಯಿಯಿಂದ ಬರುತ್ತದೆ. ಆದರೆ ಮ್ಯಾಚ್ ಪಟ್ಟಿಯಲ್ಲಿರುವ ಡಿಎನ್‌ಎ ಎಲ್ಲಾ ಕಡೆಯಿಂದಲೂ ಬರುವಂಥದ್ದು. ಹಾಗಾಗಿ ಗೋತ್ರ ಬೇರೆ ಅಂತ ಯಾರನ್ನೂ ತೆಗೆದುಹಾಕಬೇಡಿ, ಒಂದೇ ಅಂತ ಸಂಬಂಧ ಪಕ್ಕಾ ಮಾಡಿಕೊಳ್ಳಲೂ ಬೇಡಿ.

ಕಡೆ ಬೇರ್ಪಡಿಸಿ, ಆಮೇಲೆ ಬಣ್ಣ

ಅಮ್ಮ ಅಥವಾ ಅಪ್ಪ ಪರೀಕ್ಷೆ ಮಾಡಿಸಿದ್ದರೆ ಕೆಲಸ ಅರ್ಧ ಮುಗಿದ ಹಾಗೆ. ಪ್ರತಿ ಮ್ಯಾಚ್ ಅಮ್ಮನ ಪಟ್ಟಿಯಲ್ಲೂ ಇದೆಯಾ ನೋಡಿ. ಇದ್ದರೆ ತಾಯಿ ಕಡೆ. ಇಬ್ಬರೂ ಮಾಡಿಸಿದ್ದು, ಒಬ್ಬ ಸಣ್ಣ ಮ್ಯಾಚ್ ನಿಮಗೆ ಬಂದು ಇಬ್ಬರಲ್ಲಿ ಯಾರಿಗೂ ಬರದಿದ್ದರೆ ಅದು ಕಾಕತಾಳೀಯ, ಅಳಿಸಿಬಿಡಿ. ಏಳೆಂಟು ಸೆಂಟಿಮಾರ್ಗನ್ ಮ್ಯಾಚ್‌ಗಳಲ್ಲಿ ಇಂಥವು ಬಹಳ ಇರುತ್ತವೆ. ತಂದೆತಾಯಿ ಇಲ್ಲದಿದ್ದರೆ ಅನ್ಸೆಸ್ಟ್ರಿ ತಾನೇ 'ಪೇರೆಂಟ್ 1, ಪೇರೆಂಟ್ 2' ಅಂತ ಭಾಗ ಮಾಡಿ ಕೊಡುತ್ತದೆ, ಯಾವುದು ತಾಯಿ ಯಾವುದು ತಂದೆ ಅಂತ ಗೊತ್ತಿರುವ ಒಬ್ಬ ಬಂಧುವನ್ನು ನೋಡಿ ನೀವು ತೀರ್ಮಾನ ಮಾಡಬೇಕು.

ಬಣ್ಣಕ್ಕೆ ಒಂದು ನಿಯಮ ಇಟ್ಟುಕೊಳ್ಳಿ. ತಂದೆ ಕಡೆಗೆ ನೀಲಿ, ಹಸಿರು. ತಾಯಿ ಕಡೆಗೆ ಕೆಂಪು, ಹಳದಿ. ಎರಡೂ ಕಡೆಯಿಂದ ಬರುವವರಿಗೆ ನೇರಳೆ. ಈ ನೇರಳೆ ನಮಗೆ ಕಡ್ಡಾಯ.

ಈಗ ಲೀಡ್ಸ್ ವಿಧಾನ. ಡೇನಾ ಲೀಡ್ಸ್ ಅನ್ನುವವರು 2018ರಲ್ಲಿ ಇದನ್ನು ಪರಿಚಯಿಸಿದರು. 400ರಿಂದ 90 ಸೆಂಟಿಮಾರ್ಗನ್ ನಡುವಿನ ಮ್ಯಾಚ್‌ಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಬರೆದುಕೊಳ್ಳಿ. ಮೊದಲನೆಯವರು ತಂದೆ ಕಡೆಯವರು ಅಂದುಕೊಳ್ಳಿ, ಅವರಿಗೆ ನೀಲಿ ಹಾಕಿ, ಅವರ 'ಶೇರ್ಡ್ ಮ್ಯಾಚಸ್' (ನಿಮ್ಮಿಬ್ಬರಿಗೂ ಮ್ಯಾಚ್ ಆಗುವವರ ಪಟ್ಟಿ) ತೆರೆಯಿರಿ, ಅಲ್ಲಿ ಬಂದವರಲ್ಲಿ ನಿಮ್ಮ ಪಟ್ಟಿಯಲ್ಲಿರುವವರಿಗೆಲ್ಲ ನೀಲಿ ಹಾಕಿ. ಬಣ್ಣ ಬೀಳದ ಮುಂದಿನವರಿಗೆ ಹೊಸ ಬಣ್ಣ, ಮತ್ತೆ ಅದೇ ಕೆಲಸ. ಪಟ್ಟಿ ಮುಗಿಯುವವರೆಗೆ ಹೀಗೇ. ಸಂಬಂಧ ಇಲ್ಲದ ನಾಲ್ಕು ಮನೆತನಗಳಿಂದ ಬಂದವರಿಗೆ ಕೊನೆಗೆ ನಾಲ್ಕು ಬಣ್ಣದ ಗುಂಪು ನಿಲ್ಲುತ್ತವೆ, ನಾಲ್ವರು ಅಜ್ಜ-ಅಜ್ಜಿಯರಿಗೆ ಒಂದೊಂದು. 400ಕ್ಕಿಂತ ಮೇಲಿನವರನ್ನು ಬಿಡುವುದು ಏಕೆ ಅಂದರೆ, ಫಸ್ಟ್ ಕಸಿನ್ ಅಜ್ಜ ಮತ್ತು ಅಜ್ಜಿ ಇಬ್ಬರ ಕಡೆಯವರಿಗೂ ಮ್ಯಾಚ್ ಆಗಿ ಎರಡು ಗುಂಪನ್ನು ಒಂದು ಮಾಡಿಬಿಡುತ್ತಾರೆ. ಮೈಹೆರಿಟೇಜ್‌ನಲ್ಲಿ ಆಟೋಕ್ಲಸ್ಟರ್ ಅನ್ನುವ ಸಾಧನ ಇದೇ ಥರದ ಗುಂಪುಗಳನ್ನು ತಾನೇ ಮಾಡಿ ಬಣ್ಣದ ಚೌಕಗಳಲ್ಲಿ ತೋರಿಸುತ್ತದೆ.

ಒಂದು ಎಚ್ಚರಿಕೆ. ಅನ್ಸೆಸ್ಟ್ರಿಯ ಮಾಮೂಲಿ ಖಾತೆಯಲ್ಲಿ 20 ಸೆಂಟಿಮಾರ್ಗನ್‌ಗಿಂತ ಕಡಿಮೆ ಇರುವವರು ಶೇರ್ಡ್ ಪಟ್ಟಿಯಲ್ಲಿ ಕಾಣುವುದಿಲ್ಲ. ಅಲ್ಲಿ ಹೆಸರಿಲ್ಲ ಅಂದರೆ ಸಂಬಂಧ ಇಲ್ಲ ಅಂತ ಅರ್ಥ ಮಾಡಿಕೊಳ್ಳಬೇಡಿ.

ಒಳಸಂಬಂಧ ಇದ್ದಾಗ

ಮೇಲಿನ ವಿಧಾನವನ್ನು ನಮ್ಮ ಕುಟುಂಬಗಳಲ್ಲಿ ಮಾಡಿದರೆ ಬಹಳ ಸಲ ಎಲ್ಲರಿಗೂ ಎಲ್ಲಾ ಬಣ್ಣವೂ ಬಿದ್ದು ಕೂರುತ್ತದೆ. ನೀವು ತಪ್ಪು ಮಾಡಿದ್ದೀರಿ ಅಂತ ಅಲ್ಲ. ಮನೆತನಗಳೇ ಹೆಣೆದುಕೊಂಡಿವೆ.

ಲೆಕ್ಕ ಹಾಕಿ ನೋಡೋಣ. ನಿಮ್ಮ ಅಪ್ಪ ತನ್ನ ಅಕ್ಕನ ಮಗಳನ್ನು ಮದುವೆಯಾಗಿದ್ದಾರೆ ಅಂದುಕೊಳ್ಳಿ. ಆಗ ಅಮ್ಮನ ಅಮ್ಮ ನಿಮಗೆ ಅಜ್ಜಿಯೂ ಹೌದು, ಅಪ್ಪನ ಅಕ್ಕನಾದ್ದರಿಂದ ಸೋದರತ್ತೆಯೂ ಹೌದು. ಅಮ್ಮನಿಂದ ನಿಮಗೆ ಬಂದ ಭಾಗದ ಅರ್ಧ ಅಜ್ಜಿಯದ್ದು. ಅಪ್ಪನಿಂದ ಬಂದ ಭಾಗದಲ್ಲೂ ಸುಮಾರು ಅರ್ಧ ಅಜ್ಜಿಯ ಜೊತೆ ಹೊಂದುತ್ತದೆ. ಎರಡೂ ಸೇರಿ, ಒಂದರ ಮೇಲೊಂದು ಬಿದ್ದದ್ದನ್ನು ಕಳೆದರೆ, ಮುಕ್ಕಾಲು ಪಾಲು ಆಗುತ್ತದೆ. ಅಂದರೆ ಸುಮಾರು 2600 ಸೆಂಟಿಮಾರ್ಗನ್. ಮಾಮೂಲಿ ಅಜ್ಜಿ 1750ರ ಹತ್ತಿರ ಇರಬೇಕಾದ ಕಡೆ ಈ ಅಜ್ಜಿ ಒಡಹುಟ್ಟಿದವರ ಮಟ್ಟದಲ್ಲಿ ಬಂದು ನಿಲ್ಲುತ್ತಾರೆ. ಇದನ್ನು ನೋಡಿ ಗಾಬರಿಯಾಗುವ ಮೊದಲು ಕೆಂಪು ಪೆನ್ನಿನ ಗುರುತು ನೋಡಿ.

ದೂರದ ಸಂಬಂಧದಲ್ಲೂ ಇದೇ. ನಿಮ್ಮ ಅಪ್ಪನ ಅಪ್ಪ ತನ್ನ ಸೋದರಮಾವನ ಮಗಳನ್ನು ಮದುವೆಯಾಗಿದ್ದರೆ, ಆ ಇಬ್ಬರ ಅಜ್ಜ-ಅಜ್ಜಿಗೆ ನೀವು ಎರಡು ದಾರಿಯಲ್ಲಿ ಸೇರುತ್ತೀರಿ. ಅದೇ ಹಿರಿಯರ ಇನ್ನೊಂದು ಮಗುವಿನಿಂದ ಇಳಿದು ಬಂದ, ನಿಮ್ಮ ತಲೆಮಾರಿನ ಒಬ್ಬರು ನಿಮಗೆ ಎರಡು ಸಲ ಥರ್ಡ್ ಕಸಿನ್. 73ರ ಬದಲು ಅದರ ಎರಡರಷ್ಟು ಬರುವ ಸಾಧ್ಯತೆ ಇದೆ. ಸೈಟ್ ಇದನ್ನು ಇನ್ನೂ ಹತ್ತಿರದ ಸಂಬಂಧ ಅಂತ ಹೇಳುತ್ತದೆ, ಸೆಕೆಂಡ್ ಕಸಿನ್ ಒನ್ಸ್ ರಿಮೂವ್ಡ್ ಥರ. ನೀವು ಅದನ್ನು ನಂಬಿ ಮುತ್ತಜ್ಜನ ತಲೆಮಾರಿನಲ್ಲಿ ಹುಡುಕುತ್ತಾ ಕೂತಿರುತ್ತೀರಿ, ಸೇರುವ ಜಾಗ ಅದಕ್ಕಿಂತ ಮೇಲಿರುತ್ತದೆ. ಆದ್ದರಿಂದ ಸೈಟ್ ಹೇಳಿದ್ದಕ್ಕಿಂತ ಒಂದು ತಲೆಮಾರು ಮೇಲೆಯೂ ನೋಡುವುದನ್ನು ರೂಢಿ ಮಾಡಿಕೊಳ್ಳಿ.

ಇದರ ಜೊತೆಗೆ ಬಹಳ ಹಿಂದಿನ ಒಳಸಂಬಂಧವೂ ಇದೆ. ಶತಮಾನಗಳ ಕಾಲ ಜಾತಿಯ ಒಳಗೇ ಮದುವೆ ಆಗಿರುವುದರಿಂದ, ಗೊತ್ತಿರುವ ಸಂಬಂಧ ಏನೂ ಇಲ್ಲದ ಇಬ್ಬರ ನಡುವೆಯೂ ಸಣ್ಣ ಸಣ್ಣ ತುಣುಕುಗಳು ಹೊಂದುತ್ತವೆ. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆ ಮತ್ತು ಹಾರ್ವರ್ಡ್‌ನ ವಿಜ್ಞಾನಿಗಳು ಸೇರಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದ 263 ಗುಂಪುಗಳನ್ನು ನೋಡಿದ್ದರು. ಅದರಲ್ಲಿ 81 ಗುಂಪುಗಳಲ್ಲಿ, ಕೆಲವೇ ಪೂರ್ವಜರಿಂದ ಇಡೀ ಗುಂಪು ಬೆಳೆದ ಗುರುತು, ಇಂಥ ಒಳಸಂಬಂಧಕ್ಕೇ ಹೆಸರಾದ ಯುರೋಪಿನ ಅಶ್ಕೆನಾಜಿ ಯಹೂದಿಗಳಿಗಿಂತಲೂ ಗಟ್ಟಿಯಾಗಿತ್ತು. ಅಂಥ ಸಮುದಾಯದವರಾದರೆ ನಿಮ್ಮ ಪಟ್ಟಿಯಲ್ಲಿ 10ರಿಂದ 30 ಸೆಂಟಿಮಾರ್ಗನ್ ಇರುವವರು ಹಿಂಡುಹಿಂಡಾಗಿ ಬರುತ್ತಾರೆ. ಅವರ ಹಿಂದೆ ಹೋಗಬೇಡಿ, ಸಮಯ ಹಾಳು.

ಹಾಗಾದರೆ ಯಾರನ್ನು ಹಿಡಿಯಬೇಕು? ಅತಿ ಉದ್ದದ ತುಣುಕು ನೋಡಿ. 60 ಸೆಂಟಿಮಾರ್ಗನ್ ಇಬ್ಬರಲ್ಲೂ ಇದೆ ಅಂದುಕೊಳ್ಳಿ. ಒಬ್ಬರದ್ದು ಆರು ತುಣುಕು, ಅತಿ ಉದ್ದದ್ದು 12. ಇನ್ನೊಬ್ಬರದ್ದು ಎರಡೇ ತುಣುಕು, ಒಂದು 41. ಎರಡನೆಯವರಿಗೆ ಮೊದಲು ಮೆಸೇಜ್ ಕಳಿಸಿ. ಪ್ರತಿ ತಲೆಮಾರಿಗೂ ತುಣುಕು ಒಡೆಯುತ್ತಾ ಹೋಗುತ್ತದೆ, ಹಾಗಾಗಿ ಉದ್ದದ ತುಣುಕು ಹತ್ತಿರದ ಪೂರ್ವಜರನ್ನು ತೋರಿಸುವ ಸಾಧ್ಯತೆ ಹೆಚ್ಚು. ಚೂರುಪಾರು ಸೇರಿ ಆದ ಮೊತ್ತ ಹಳೆಯ ಒಳಸಂಬಂಧದ ಗುರುತು. ನನ್ನ ಮಟ್ಟಿಗೆ, ನಮ್ಮ ಪಟ್ಟಿಗಳಲ್ಲಿ ಒಟ್ಟು ಸಂಖ್ಯೆಗಿಂತ ಈ ಕಾಲಂನಿಂದಲೇ ವಿಂಗಡಿಸಿ ನೋಡುವುದು ಒಳ್ಳೆಯದು.

ಇನ್ನೊಂದು ಸುಳಿವು. ಸೋದರಮಾವನ ಮಗಳಾಗಲಿ, ಸೋದರತ್ತೆಯ ಮಗಳಾಗಲಿ, ಅಕ್ಕನ ಮಗಳಾಗಲಿ, ಈ ಮದುವೆಗಳೆಲ್ಲ ಒಬ್ಬ ಅಣ್ಣ ಮತ್ತು ಒಬ್ಬ ತಂಗಿ, ಅಥವಾ ಅಕ್ಕ ಮತ್ತು ತಮ್ಮ, ಈ ಜೋಡಿಯ ಮೂಲಕವೇ ಆಗುತ್ತವೆ. ಅಣ್ಣತಮ್ಮಂದಿರ ಮಕ್ಕಳು ತಮ್ಮತಮ್ಮಲ್ಲಿ ಮದುವೆಯಾಗುವುದಿಲ್ಲ. ಆದ್ದರಿಂದ ಎರಡು ಬಣ್ಣದ ಗುಂಪು ಒಂದಕ್ಕೊಂದು ಸಿಕ್ಕಿಕೊಂಡಿದ್ದರೆ, ಮರದಲ್ಲಿ ಮೇಲೆ ಹೋಗಿ ಒಂದು ಗುಂಪಿನ ಗಂಡಸಿಗೆ ಇನ್ನೊಂದು ಗುಂಪಿನಲ್ಲಿ ಅಕ್ಕನೋ ತಂಗಿಯೋ ಇದ್ದಾಳಾ ಅಂತ ಹುಡುಕಿ. ಮುಸ್ಲಿಂ ಕುಟುಂಬಗಳಲ್ಲಿ ಚಿಕ್ಕಪ್ಪ-ದೊಡ್ಡಪ್ಪನ ಮಕ್ಕಳ ನಡುವೆಯೂ ಮದುವೆ ಆಗುವುದರಿಂದ ಅಲ್ಲಿ ಈ ಸುಳಿವು ಸಾಲದು. ಕೊಟ್ಟು-ತಂದ ಮದುವೆಗಳಿದ್ದರೆ, ಅಂದರೆ ಅಣ್ಣ-ತಂಗಿ ಇಬ್ಬರೂ ಇನ್ನೊಂದು ಮನೆಯ ತಂಗಿ-ಅಣ್ಣನನ್ನು ಮದುವೆಯಾಗಿದ್ದರೆ, ಅವರ ಮಕ್ಕಳ ನಡುವೆ ಮಾಮೂಲಿ ಫಸ್ಟ್ ಕಸಿನ್‌ಗಿಂತ ಹತ್ತಿರ ಹತ್ತಿರ ಎರಡರಷ್ಟು ಬರುತ್ತದೆ.

ತಂದೆತಾಯಿ ಸಂಬಂಧಿಕರೇ ಅನ್ನುವ ಅನುಮಾನ ಇದ್ದು ಹೇಳುವವರು ಯಾರೂ ಇಲ್ಲದಿದ್ದರೆ, ಜೆಡ್‌ಮ್ಯಾಚ್‌ನಲ್ಲಿ 'ಆರ್ ಯುವರ್ ಪೇರೆಂಟ್ಸ್ ರಿಲೇಟೆಡ್' ಅನ್ನುವ ಸಾಧನ ಇದೆ. ಅಪ್ಪನಿಂದ ಬಂದ ಪ್ರತಿ, ಅಮ್ಮನಿಂದ ಬಂದ ಪ್ರತಿ ಎರಡೂ ಒಂದೇ ಆಗಿರುವ ಉದ್ದ ತುಣುಕುಗಳನ್ನು ಅದು ನಿಮ್ಮ ಡಿಎನ್‌ಎಯಲ್ಲಿ ಹುಡುಕುತ್ತದೆ.

ಬಾಂದುಕಲ್ಲಿನ ಕೆಲಸ ಇಲ್ಲಿ ಕಾಣುತ್ತದೆ. ಹೊಸ ಮ್ಯಾಚ್ ಬಂದಾಗ ನಾಲ್ಕೂ ಗೊತ್ತಿರುವ ಬಂಧುಗಳ ಜೊತೆ ಹೋಲಿಸಿ, ನಾಲ್ಕು ಸಂಖ್ಯೆಯನ್ನೂ ಒಂದೇ ಸಾಲಿನಲ್ಲಿ ಬರೆಯಿರಿ. ಹೌದು-ಇಲ್ಲ ಅಂತ ಬರೆಯಬೇಡಿ, ಎಲ್ಲರಿಗೂ ಸ್ವಲ್ಪ ಸ್ವಲ್ಪ ಹೌದೇ ಬರುತ್ತದೆ. 12, 9, 84, 15 ಅಂತ ಬಂದರೆ ಮೂರನೆಯ ಮನೆತನ ಅಂತ ತಾನಾಗಿ ಕಾಣುತ್ತದೆ.

ತುಣುಕುಗಳ ನಕ್ಷೆ

ಇದು ಎಲ್ಲರಿಗೂ ಬೇಕಾಗಿಲ್ಲ. ಆದರೆ ಗುಂಪುಗಳು ಬಿಡಿಸಿಕೊಳ್ಳದೆ ಹೋದಾಗ ಬೇರೆ ದಾರಿ ಇಲ್ಲ. ಮೈಹೆರಿಟೇಜ್, ಫ್ಯಾಮಿಲಿಟ್ರೀಡಿಎನ್‌ಎ, ಜೆಡ್‌ಮ್ಯಾಚ್ ಮೂರೂ ಯಾವ ಕ್ರೋಮೋಸೋಮಿನ ಯಾವ ಜಾಗದಲ್ಲಿ ಹೊಂದುತ್ತದೆ ಅಂತ ತೋರಿಸುತ್ತವೆ, ಅನ್ಸೆಸ್ಟ್ರಿ ತೋರಿಸುವುದಿಲ್ಲ. ಆ ಅಂಕಿಗಳನ್ನು ಡಿಎನ್‌ಎ ಪೇಂಟರ್‌ನಲ್ಲಿ ಹಾಕಿ, ಶೀಟಿನ ಬಣ್ಣವನ್ನೇ ಕೊಡಿ. ಒಂದು ನಕ್ಷೆ ಉಚಿತ. ಇಬ್ಬರು ಮ್ಯಾಚ್‌ಗಳು ಒಂದೇ ಜಾಗದಲ್ಲಿ ನಿಮಗೆ ಹೊಂದಿ, ಅವರಿಬ್ಬರೂ ಅದೇ ಜಾಗದಲ್ಲಿ ಪರಸ್ಪರ ಹೊಂದಿದರೆ ಮೂವರಿಗೂ ಆ ತುಣುಕು ಒಬ್ಬರೇ ಪೂರ್ವಜರಿಂದ ಬಂದಿರುವ ಸಾಧ್ಯತೆ ದೊಡ್ಡದು. ಸಾಮಾನ್ಯವಾಗಿ 7 ಸೆಂಟಿಮಾರ್ಗನ್ ಮೇಲಿದ್ದರೆ ಸಾಕು ಅನ್ನುತ್ತಾರೆ. ಒಳಸಂಬಂಧದ ಕುಟುಂಬಗಳಲ್ಲಿ 15ಕ್ಕಿಂತ ಕೆಳಗಿನದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಮೆಸೇಜ್ ಬರೆಯುವುದು

ಉದ್ದ ಬರೆದರೆ ಯಾರೂ ಓದುವುದಿಲ್ಲ. ಮೊದಲ ಮೆಸೇಜಿನಲ್ಲೇ ಜಾತಿ ಕೇಳಬೇಡಿ, ಎದುರಿನವರು ಅಲ್ಲೇ ಮುಚ್ಚಿಕೊಳ್ಳುತ್ತಾರೆ. ಊರು ಕೇಳಿ. ಅದಕ್ಕೂ ಮೊದಲು ನಿಮ್ಮ ಊರು ಹೇಳಿ. ಹೀಗೆ: 'ನಮಸ್ಕಾರ. ನಾವಿಬ್ಬರೂ ಇಲ್ಲಿ 60 ಸೆಂಟಿಮಾರ್ಗನ್ ಮ್ಯಾಚ್ ಆಗಿದ್ದೇವೆ. ನನ್ನ ಅಪ್ಪನ ಕಡೆಯವರು ತುಮಕೂರು ಜಿಲ್ಲೆ ಶಿರಾದ ಹತ್ತಿರದವರು, ಅಜ್ಜಿಯ ತವರು ಚಿತ್ರದುರ್ಗದ ಕಡೆ. ನಿಮ್ಮ ಅಜ್ಜ-ಅಜ್ಜಿಯರ ಊರು ಯಾವುದು ಅಂತ ತಿಳಿಸುತ್ತೀರಾ?' ಅಷ್ಟೇ. ವಿದೇಶದಲ್ಲೇ ಹುಟ್ಟಿ ಬೆಳೆದವರಾದರೆ ಇಂಗ್ಲಿಷಿನಲ್ಲಿ ಬರೆಯಿರಿ, ಜೊತೆಗೆ 'ನಿಮ್ಮ ಅಪ್ಪ-ಅಮ್ಮನನ್ನು ಒಂದು ಸಲ ಕೇಳಿ ನೋಡಿ' ಅಂತ ಸೇರಿಸಿ. ನಿಜವಾದ ಮಾಹಿತಿ ಇರುವುದು ಅವರ ಹತ್ತಿರ. ಉತ್ತರ ಬಾರದಿದ್ದರೆ ಕೆಲವು ತಿಂಗಳು ಬಿಟ್ಟು ಇನ್ನೊಂದು ಸಲ ಕಳಿಸಿ, ಆಮೇಲೆ ಬಿಟ್ಟುಬಿಡಿ.

ನಿರೀಕ್ಷೆ ಮಾಡದ್ದು ಕಂಡರೆ

ಮಕ್ಕಳಿಲ್ಲದ ಅಕ್ಕನಿಗೆ ತಂಗಿ ತನ್ನ ಮಗುವನ್ನು ಕೊಟ್ಟದ್ದು, ಅಣ್ಣನ ಮಗನನ್ನು ತನ್ನ ಮಗನಾಗಿ ಸಾಕಿದ್ದು ನಮ್ಮ ಮನೆಗಳಲ್ಲಿ ಬೇಕಾದಷ್ಟಿದೆ. ಕಾಗದವಿಲ್ಲ, ಮಾತಿನ ಮೇಲೆ ನಡೆದದ್ದು. ಮಕ್ಕಳಿಗೆ ಹೇಳಿರುವುದೂ ಇಲ್ಲ. ಡಿಎನ್‌ಎ ಅದನ್ನು ಒಂದೇ ಸಂಖ್ಯೆಯಲ್ಲಿ ಹೇಳಿಬಿಡುತ್ತದೆ. ಫಸ್ಟ್ ಕಸಿನ್ ಅಂದುಕೊಂಡವರು 2600ರಲ್ಲಿ ಬಂದರೆ, ಮೊದಲು ಒಳಸಂಬಂಧದ ಲೆಕ್ಕ ಹಾಕಿ. ಅದರಿಂದ ವಿವರಣೆ ಸಿಗದಿದ್ದರೆ, ಯಾರಿಗೂ ಫಾರ್ವರ್ಡ್ ಮಾಡದೆ, ಫ್ಯಾಮಿಲಿ ಗ್ರೂಪಿನಲ್ಲಂತೂ ಹಾಕದೆ, ವಿಷಯ ಗೊತ್ತಿರಬಹುದಾದ ಒಬ್ಬ ಹಿರಿಯರ ಹತ್ತಿರ ಒಬ್ಬರೇ ಕೂತು ಮಾತಾಡಿ. ಆ ವಿಷಯ ಯಾರ ಬದುಕಿಗೆ ಸೇರಿದ್ದೋ ಅವರೇ ಅದರ ಹಕ್ಕುದಾರರು. ಶೀಟಿನ ಆ ಸಾಲನ್ನು ಬೇರೆ ಫೈಲಿಗೆ ಹಾಕಿ ಪಾಸ್‌ವರ್ಡ್ ಇಡಿ.

ಕರ್ನಾಟಕದಿಂದ ದತ್ತು ಹೋಗಿ ವಿದೇಶದಲ್ಲಿ ಬೆಳೆದವರಿಂದಲೂ ಮೆಸೇಜ್ ಬರಬಹುದು. ಅವರ ಹತ್ತಿರ ಮರವೇ ಇರುವುದಿಲ್ಲ, ನಿಮ್ಮ ಶೀಟ್‌ನಲ್ಲಿರುವ ಊರುಗಳ ಹೆಸರೇ ಅವರಿಗೆ ಮೊದಲ ಸುಳಿವಾಗಬಹುದು. ದಯವಿಟ್ಟು ಉತ್ತರ ಕೊಡಿ. ಆದರೆ ಬದುಕಿರುವವರ ಹೆಸರು, ಫೋನ್ ನಂಬರ್ ಅವರನ್ನು ಕೇಳದೆ ಕೊಡಬೇಡಿ.

ಕಾಪಾಡಿಕೊಳ್ಳುವುದು

2023ರಲ್ಲಿ 23ಆ್ಯಂಡ್‌ಮಿಯಿಂದ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿಹೋಯಿತು. 2025ರ ಮಾರ್ಚ್‌ನಲ್ಲಿ ಅದೇ ಕಂಪನಿ ದಿವಾಳಿ ಅರ್ಜಿ ಹಾಕಿತು. ಯಾವ ಸೈಟೂ ಶಾಶ್ವತ ಅಂದುಕೊಳ್ಳಬೇಡಿ. ಕಚ್ಚಾ ಡೇಟಾ ಫೈಲ್ ಇವತ್ತೇ ಇಳಿಸಿ ಎರಡು ಕಡೆ ಇಡಿ, ಪಾಸ್‌ವರ್ಡ್ ಬೇರೆಲ್ಲೂ ಬಳಸದಂಥದ್ದು ಇರಲಿ, ಎರಡು ಹಂತದ ಲಾಗಿನ್ ಆನ್ ಮಾಡಿ. ಹಿರಿಯರ ಕಿಟ್‌ಗಳಿಗೆ ಮುಂದೆ ಯಾರು ಜವಾಬ್ದಾರಿ ಅಂತ ಅವರಿದ್ದಾಗಲೇ ಕೇಳಿ ಬರೆದಿಡಿ.

ಶೀಟನ್ನು ಬಿಡುವಿದ್ದಾಗ ಒಂದು ಸಲ ತೆರೆದು, ಹೊಸ ಮ್ಯಾಚ್‌ಗಳಲ್ಲಿ ಉದ್ದದ ತುಣುಕು 20 ದಾಟಿದವರನ್ನು ಮಾತ್ರ ಸೇರಿಸಿ. ಪ್ರತಿ ಸಂಬಂಧದ ಮುಂದೆ 'ಪಕ್ಕಾ', 'ಇರಬಹುದು', 'ಊಹೆ' ಅಂತ ಒಂದು ಕಾಲಂ ಇರಲಿ, ಯಾಕೆ ಹಾಗೆ ಅಂದುಕೊಂಡಿರಿ ಅನ್ನುವುದನ್ನೂ ಒಂದು ಸಾಲು ಬರೆಯಿರಿ, ಇಲ್ಲದಿದ್ದರೆ ಆರು ತಿಂಗಳು ಕಳೆದ ಮೇಲೆ ನಿಮ್ಮ ಊಹೆ ನಿಮಗೇ ಪಕ್ಕಾ ಅನ್ನಿಸಲು ಶುರುವಾಗುತ್ತದೆ. ಊರಿನ ಜಾತ್ರೆಗೋ ಮದುವೆಗೋ ಹೋಗುವಾಗ 'ಊಹೆ' ಅಂತ ಇರುವ ಸಾಲುಗಳನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದುಕೊಂಡು ಹೋಗಿ. ಹೆಸರಿನ ಪಕ್ಕ ಊರು, ತವರೂರು, ಮನೆದೇವರು ಇದ್ದರೆ ಸಾಕು, ಹಿರಿಯರು ಯಾರು ಯಾರಿಗೆ ಏನಾಗಬೇಕು ಅಂತ ಹೇಳುತ್ತಾ ಹೋಗುತ್ತಾರೆ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲು ಅವರನ್ನು ಕೇಳಿ, ಒಪ್ಪಿದರೆ ಮಾಡಿಕೊಳ್ಳಿ, ಅದೇ ದಿನ ಶೀಟಿಗೆ ಏರಿಸಿ.